ಜೋಸೆಫ್ ಪ್ಲಾಟೋ

ಜೋಸೆಫ್ ಆಂಟ್ವಾನ್ ಫರ್ಡಿನಾಂಡ್ ಪ್ಲಾಟೋ (14 ಅಕ್ಟೋಬರ್ 1801 – 15 ಸೆಪ್ಟೆಂಬರ್ 1883) ಬೆಲ್ಜಿಯಂ ದೇಶದ ಭೌತವಿಜ್ಞಾನಿ. ಚಲಿಸುವ ಚಿತ್ರದ ಭ್ರಮೆಯನ್ನು ಉಂಟುಮಾಡುವ ಫೆನಕಿಸ್ಟಿಸ್ಕೋಪ್ ಎಂಬ ಸಾಧನವನ್ನು ರಚಿಸಿದವರೆಂದು ಇವರು ಪ್ರಸಿದ್ಧರು. ಗುರುತ್ವದ ಪರಿಣಾಮವನ್ನು ತೊಡೆದುಹಾಕಿದಾಗ ದ್ರವಗಳು ಯಾವ ಆಕಾರ ತಾಳುತ್ತವೆ ಎಂಬುದನ್ನು ಪ್ರಯೋಗಗಳಿಂದ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ ಕೀರ್ತಿಯೂ ಇವರದು. ದ್ರವದ ಎಳೆಯೊಂದು ಹನಿಗಳಾಗಿ ಒಡೆಯುವ ನಿಯಮ, ಸಾಬೂನಿನ ಪೊರೆಗಳು ಒಂದನ್ನೊಂದು ಸಂಧಿಸುವ ನಿಯಮಗಳು ಹಾಗೂ ಗಣಿತದ ಪ್ಲಾಟೋ ಸಮಸ್ಯೆ ಇವರ ಹೆಸರಿನೊಂದಿಗೆ ಸೇರಿಕೊಂಡಿವೆ. ಬಾಹ್ಯಾಕಾಶದ ತೂಕರಹಿತ ಸ್ಥಿತಿಯಲ್ಲಿ ದ್ರವದೊಳಗೆ ಒಂದೇ ಗಾತ್ರದ ಸಣ್ಣ ಅನಿಲ ಗುಳ್ಳೆಗಳನ್ನು ಉಂಟುಮಾಡುವ ಇಂದಿನ ವಿಧಾನಗಳಿಗೆ ಅವರ ಅಧ್ಯಯನಗಳು ತಳಹದಿಯಾಗಿವೆ. 1843ರಲ್ಲಿ ಪೂರ್ಣವಾಗಿ ದೃಷ್ಟಿ ಕಳೆದುಕೊಂಡ ಪ್ಲಾಟೋ, ದ್ರವಗಳನ್ನು ಕುರಿತ ತಮ್ಮ ಕೆಲಸದ ಬಹುಭಾಗವನ್ನು ಆ ನಂತರದ 40 ವರ್ಷಗಳಲ್ಲಿ ಇತರರ ಕಣ್ಣುಗಳ ನೆರವಿನಿಂದ ಮಾಡಿದರು. ಹೆಸರಿನ ಹೋಲಿಕೆ ಇದ್ದರೂ ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋಗೂ ಇವರಿಗೂ ಸಂಬಂಧವಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪ್ಲಾಟೋ ಜನಿಸಿದ್ದು ಬ್ರಸೆಲ್ಸ್ ನಗರದಲ್ಲಿ. ಆಗ ಆ ಪ್ರದೇಶ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. 1815ರಲ್ಲಿ ಅದು ನೆದರ್‌ಲೆಂಡ್ಸ್ ರಾಜ್ಯದ ಭಾಗವಾಯಿತು. 1830ರ ಕ್ರಾಂತಿಯ ಫಲವಾಗಿ ಬೆಲ್ಜಿಯಂ ಸ್ವತಂತ್ರ ದೇಶವಾಯಿತು. ಹೀಗೆ ಪ್ಲಾಟೋ ಮೂವತ್ತು ವರ್ಷ ತುಂಬುವುದರೊಳಗೆ ಮೂರು ಆಡಳಿತಗಳನ್ನು ಕಂಡರು. ತಂದೆ ತುರ್ನೆ ಪಟ್ಟಣದ ಮೂಲದವರು, ಹೂವುಗಳ ಚಿತ್ರಗಳನ್ನು ಬರೆಯುವುದರಲ್ಲಿ ನಿಪುಣರಾಗಿದ್ದ ಕಲಾವಿದರು. ಮಗನೂ ಚಿತ್ರಕಾರನಾಗಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಕಾರಣದಿಂದ ಬಾಲಕನನ್ನು ಬ್ರಸೆಲ್ಸಿನ ಚಿತ್ರಕಲಾ ಶಾಲೆಗೆ ಸೇರಿಸಲಾಯಿತು. ಆದರೆ ಶಾಲೆಯಲ್ಲಿ ನೋಡಿದ ಭೌತವಿಜ್ಞಾನದ ಪ್ರಯೋಗಗಳೇ ಬಾಲಕನ ಮನಸ್ಸನ್ನು ಹೆಚ್ಚು ಸೆಳೆದವು.

ಹದಿನಾಲ್ಕನೆಯ ವಯಸ್ಸಿಗಾಗಲೇ ಪ್ಲಾಟೋ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡಿದ್ದರು. ವಕೀಲರಾಗಿದ್ದ ಸೋದರಮಾವ ಅವರ ಪಾಲಕರಾದರು. ಮುಂದೆ ಬ್ರಸೆಲ್ಸಿನ ಅಥೀನಿಯಂ ಶಾಲೆಯಲ್ಲಿ ಓದುವಾಗ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ ಅವರ ಪರಿಚಯವಾಯಿತು. ಬ್ರಸೆಲ್ಸ್ ವೀಕ್ಷಣಾಲಯದ ಸ್ಥಾಪಕರೂ ಸಾಮಾಜಿಕ ಸಂಖ್ಯಾಶಾಸ್ತ್ರದ ಪ್ರವರ್ತಕರೂ ಆದ ಕ್ವೆಟ್ಲೆ, ಪ್ಲಾಟೋ ಅವರಿಗೆ ಗುರುವಾಗಿ, ನಂತರ ಮಿತ್ರರಾಗಿ ಜೀವನದುದ್ದಕ್ಕೂ ಬೆಂಬಲ ನೀಡಿದರು. ಪ್ಲಾಟೋ ಅವರ ಮೊದಲ ಬರಹಗಳಲ್ಲಿ ಹಲವು ಕ್ವೆಟ್ಲೆ ಸಂಪಾದಿಸುತ್ತಿದ್ದ ಗಣಿತ ಹಾಗೂ ಭೌತವಿಜ್ಞಾನದ ನಿಯತಕಾಲಿಕದಲ್ಲಿ ಪ್ರಕಟವಾದವು.

1822ರಲ್ಲಿ ಪ್ಲಾಟೋ ಲಿಯೇಜ್ ವಿಶ್ವವಿದ್ಯಾಲಯವನ್ನು ಸೇರಿದರು. ಪಾಲಕರ ಇಚ್ಛೆಯಂತೆ ಕಾನೂನಿನ ವ್ಯಾಸಂಗಕ್ಕೆ ಹೆಸರು ನೋಂದಾಯಿಸಿದರೂ ಜೊತೆಯಲ್ಲೇ ವಿಜ್ಞಾನವನ್ನೂ ಓದಿದರು. ಕೊನೆಗೆ ವಿಜ್ಞಾನವನ್ನೇ ಆರಿಸಿಕೊಂಡರು. ಓದುತ್ತಲೇ ಶಾಲೆಯಲ್ಲಿ ಗಣಿತ ಬೋಧಿಸಿ ತಮ್ಮ ಜೀವನ ಸಾಗಿಸಿದರು. 1829ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಬೆಳಕು ಕಣ್ಣಿನ ಮೇಲೆ ಮೂಡಿಸುವ ಸಂವೇದನೆಗಳ ಕೆಲವು ಗುಣಗಳು ಆ ಪ್ರಬಂಧದ ವಿಷಯ. ಪ್ರಬಂಧ ಕೇವಲ 27 ಪುಟಗಳಷ್ಟಿದ್ದರೂ ಮುಂದಿನ ಹಲವು ವರ್ಷಗಳ ಸಂಶೋಧನೆಯ ಬೀಜಗಳು ಅದರಲ್ಲಿದ್ದವು.

ದೃಷ್ಟಿಯ ಅಧ್ಯಯನ

ಉರಿಯುವ ಕೊಳ್ಳಿಯನ್ನು ಕತ್ತಲಲ್ಲಿ ವೇಗವಾಗಿ ತಿರುಗಿಸಿದರೆ ಬೆಂಕಿಯ ಬಳೆಯೊಂದು ಕಾಣಿಸುತ್ತದೆ. ಕೊಳ್ಳಿ ಒಂದು ಸ್ಥಾನವನ್ನು ಬಿಟ್ಟುಹೋದ ಬಳಿಕವೂ ಅಲ್ಲಿನ ಬೆಳಕಿನ ಅನುಭವ ಸ್ವಲ್ಪ ಹೊತ್ತು ಉಳಿಯುವುದೇ ಇದಕ್ಕೆ ಕಾರಣ. ಪ್ಲಾಟೋ ಈ ಅವಧಿಯನ್ನು ಬಗೆಬಗೆಯ ಬಣ್ಣಗಳಿಗೆ ಅಳೆದು, ಅದು ಸರಾಸರಿಯಲ್ಲಿ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಿದೆಯೆಂದು ತೋರಿಸಿದರು. ವೇಗವಾಗಿ ಮಿನುಗುವ ಬೆಳಕು ಕಣ್ಣಿಗೆ ಸರಾಸರಿ ತೀವ್ರತೆಯ ಸ್ಥಿರ ಬೆಳಕಿನಂತೆ ಕಾಣುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಮತ್ತು ಪ್ಲಾಟೋ ಇಬ್ಬರ ಹೆಸರಿನಿಂದ ಕರೆಯಲಾಗುತ್ತದೆ.

1832ರಲ್ಲಿ ಅವರು ಫೆನಕಿಸ್ಟಿಸ್ಕೋಪನ್ನು ರೂಪಿಸಿದರು. ಅಂಚಿನಲ್ಲಿ ಸೀಳುಗಳಿರುವ ಒಂದು ರಟ್ಟಿನ ಚಕ್ರದ ಮೇಲೆ, ನರ್ತಕನೊಬ್ಬ ಸುತ್ತು ತಿರುಗುವ ಭಂಗಿಗಳನ್ನು ಅನುಕ್ರಮವಾಗಿ 16 ಚಿತ್ರಗಳಲ್ಲಿ ಬರೆಯಲಾಗಿತ್ತು. ಚಕ್ರವನ್ನು ಕನ್ನಡಿಯ ಮುಂದೆ ತಿರುಗಿಸುತ್ತ ಸೀಳುಗಳ ಮೂಲಕ ಪ್ರತಿಬಿಂಬವನ್ನು ನೋಡಿದಾಗ ಚಿತ್ರ ಜೀವಂತವಾಗಿ ಕುಣಿಯುವಂತೆ ತೋರುತ್ತಿತ್ತು. ಹೆಚ್ಚು ಕಡಿಮೆ ಅದೇ ಸಮಯದಲ್ಲಿ ವಿಯೆನ್ನಾದ ಸೈಮನ್ ಸ್ಟಾಂಪ್ಫರ್ ಸ್ವತಂತ್ರವಾಗಿ ಇಂಥದೇ ಸಾಧನವನ್ನು ತಯಾರಿಸಿದರು. ತಿರುಗುವ ಚಕ್ರಗಳು ಉಂಟುಮಾಡುವ ಭ್ರಮೆಗಳನ್ನು ಕುರಿತು ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಕಟಿಸಿದ ಲೇಖನ ಪ್ಲಾಟೋ ಅವರ ಈ ಕೆಲಸಕ್ಕೆ ಪ್ರೇರಣೆ ಒದಗಿಸಿತ್ತು. ಆದರೆ ಆ ಲೇಖನದ ಕೆಲವು ಅಂಶಗಳನ್ನು ಪ್ಲಾಟೋ ಮೊದಲೇ ಪ್ರಕಟಿಸಿದ್ದರೆಂಬುದನ್ನು ಫ್ಯಾರಡೆ ಒಪ್ಪಿಕೊಂಡರು. ಮುಂದೆ ಸಿನಿಮಾ ತಂತ್ರಜ್ಞಾನಕ್ಕೆ ದಾರಿ ಮಾಡಿಕೊಟ್ಟ ಸಾಧನಗಳ ಸಾಲಿನಲ್ಲಿ ಫೆನಕಿಸ್ಟಿಸ್ಕೋಪಿಗೆ ಮೊದಲ ಸ್ಥಾನಗಳಲ್ಲೊಂದು ಸಲ್ಲುತ್ತದೆ.

1835ರಲ್ಲಿ ಪ್ಲಾಟೋ ಗೆಂಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅವರ ಉಳಿದ ಜೀವನವೆಲ್ಲ ಆ ನಗರದಲ್ಲೇ ಕಳೆಯಿತು.

ದೃಷ್ಟಿನಾಶ

1829ರಲ್ಲಿ, ಕಣ್ಣಿನ ಸಂವೇದನೆಗಳನ್ನು ಅರಿಯುವ ಪ್ರಯೋಗದ ಅಂಗವಾಗಿ ಪ್ಲಾಟೋ ನಡುಹಗಲಿನ ಸೂರ್ಯನನ್ನು ಸುಮಾರು 25 ಸೆಕೆಂಡುಗಳ ಕಾಲ ನೆಟ್ಟ ದೃಷ್ಟಿಯಿಂದ ನೋಡಿದರು. ಅದರಿಂದ ಕೆಲವು ದಿನ ಅವರ ದೃಷ್ಟಿ ಕುಂದಿತು. ನಂತರ ಮರಳಿ ಬಂದಿತು. 1841ರ ಸುಮಾರಿಗೆ ಅವರ ಕಣ್ಣುಗಳಲ್ಲಿ ತೀವ್ರವಾದ ಉರಿಯೂತ ಕಾಣಿಸಿಕೊಂಡಿತು. 1843ರ ಹೊತ್ತಿಗೆ ಎರಡು ಕಣ್ಣುಗಳ ದೃಷ್ಟಿಯೂ ಸಂಪೂರ್ಣವಾಗಿ ಹೋಯಿತು. ಆಗ ಅವರಿಗೆ 42 ವರ್ಷ.

ವಿಜ್ಞಾನಕ್ಕಾಗಿ ಸೂರ್ಯನನ್ನು ನೋಡಿ ಕುರುಡನಾದ ವ್ಯಕ್ತಿ ಎಂಬ ಕಥೆ ಪ್ಲಾಟೋ ಅವರ ಕಾಲದಿಂದಲೇ ಪ್ರಚಲಿತವಾಗಿದ್ದು, ಅನೇಕ ಪುಸ್ತಕಗಳಲ್ಲಿ ಪುನರುಕ್ತಗೊಂಡಿದೆ. ಆದರೆ ಅವರ ರೋಗದ ವಿವರಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಪರಿಶೀಲಿಸಿದ ತಜ್ಞರು ಇದನ್ನು ಒಪ್ಪುವುದಿಲ್ಲ. ಸೂರ್ಯನನ್ನು ನೋಡುವುದರಿಂದ ಹಾನಿಯಾಗುವುದು ಅಕ್ಷಿಪಟಲದ ನಡುಭಾಗಕ್ಕೆ. ಆ ಹಾನಿ ಕೂಡಲೇ ತಿಳಿದುಬರುತ್ತದೆ. ಪ್ಲಾಟೋ ಅವರಲ್ಲಿ ಕಾಣಿಸಿಕೊಂಡದ್ದು ಹತ್ತಕ್ಕೂ ಹೆಚ್ಚು ವರ್ಷಗಳ ನಂತರ ಬಂದು, ಎರಡೂ ಕಣ್ಣುಗಳನ್ನು ಆವರಿಸಿದ ಉರಿಯೂತ. ಕಣ್ಣಿನ ಮಧ್ಯಪದರದ ದೀರ್ಘಕಾಲಿಕ ಉರಿಯೂತವಾದ ಯುವೈಟಿಸ್ ಅವರ ಅಂಧತ್ವಕ್ಕೆ ಕಾರಣವಾಗಿರಬಹುದೆಂಬುದು ಈಗಿನ ಅಭಿಪ್ರಾಯ. ಹಾಗಿದ್ದರೂ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸುವುದು ಅಪಾಯಕಾರಿ ಎಂಬ ಮಾತು ಇದರಿಂದ ಸುಳ್ಳಾಗುವುದಿಲ್ಲ.

ಅಂಧತ್ವದ ನಂತರ ಪ್ಲಾಟೋ ಅವರ ಕಾರ್ಯಪದ್ಧತಿ ಬದಲಾಯಿತು. ಪ್ರಯೋಗವನ್ನು ಅವರು ಮನಸ್ಸಿನಲ್ಲಿ ರೂಪಿಸಿ, ಉಪಕರಣದ ಅಳತೆ, ದ್ರವದ ಪ್ರಮಾಣ, ಗಮನಿಸಬೇಕಾದ ಅಂಶ ಎಲ್ಲವನ್ನೂ ಮೊದಲೇ ವಿವರಿಸುತ್ತಿದ್ದರು. ಸಹಾಯಕರು ಅದನ್ನು ನೆರವೇರಿಸಿ ಕಂಡದ್ದನ್ನು ಹೇಳುತ್ತಿದ್ದರು. ಅವರ ಮಾತಿನಿಂದ ಪ್ಲಾಟೋ ಮತ್ತೆ ಪ್ರಶ್ನೆಗಳನ್ನು ಹೊರತೆಗೆದು, ಪ್ರಯೋಗವನ್ನು ಬದಲಾಯಿಸಿ ಮಾಡಿಸುತ್ತಿದ್ದರು. ಸಹೋದ್ಯೋಗಿ ಫ್ರಾಂಸ್ವಾ ಡುಪ್ರೆ, ಗಣಿತಜ್ಞ ಅರ್ನೆಸ್ಟ್ ಲಾಮಾರ್ಲ್, ಮಗ ಫೆಲಿಕ್ಸ್ ಮತ್ತು ಶಿಷ್ಯ ಗುಸ್ತಾವ್ ವಾನ್ ಡೆರ್ ಮೆನ್ಸ್‌ಬ್ರುಗೆ ಈ ಕೆಲಸದಲ್ಲಿ ನೆರವಾದವರಲ್ಲಿ ಮುಖ್ಯರು.

ಗುರುತ್ವದಿಂದ ಬಿಡುಗಡೆಗೊಂಡ ದ್ರವ

ದ್ರವದ ಮೇಲ್ಮೈ ಬಿಗಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಈ ಎಳೆತ ದ್ರವವನ್ನು ಸಾಧ್ಯವಾದಷ್ಟು ಕಡಿಮೆ ಮೇಲ್ಮೈ ಇರುವ ಆಕಾರಕ್ಕೆ, ಎಂದರೆ ಗೋಳಕ್ಕೆ ತರಲು ಯತ್ನಿಸುತ್ತದೆ. ಆದರೆ ಭೂಮಿಯ ಮೇಲೆ ಗುರುತ್ವ ಅದಕ್ಕೆ ಎದುರಾಗಿ ನಿಲ್ಲುತ್ತದೆ. ತಾವರೆ ಎಲೆಯ ಮೇಲಿನ ಸಣ್ಣ ಹನಿ ದುಂಡಗಿದ್ದರೂ ದೊಡ್ಡ ಹನಿ ಚಪ್ಪಟೆಯಾಗುವುದು ಈ ಕಾರಣದಿಂದ. ಮೇಲ್ಮೈ ಎಳೆತದ ನಿಜವಾದ ವರ್ತನೆಯನ್ನು ದೊಡ್ಡ ಪ್ರಮಾಣದ ದ್ರವದಲ್ಲಿ ಕಾಣಬೇಕಾದರೆ ಗುರುತ್ವವನ್ನು ಬದಿಗೆ ಸರಿಸುವ ಉಪಾಯ ಬೇಕು.

ಪ್ಲಾಟೋ ಕಂಡುಕೊಂಡ ಉಪಾಯ ಸರಳವಾದದ್ದು. ಆಲಿವ್ ಎಣ್ಣೆ ನೀರಿನಲ್ಲಿ ತೇಲುತ್ತದೆ, ಮದ್ಯಸಾರದಲ್ಲಿ ಮುಳುಗುತ್ತದೆ. ನೀರು ಮತ್ತು ಮದ್ಯಸಾರವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣದ ಸಾಂದ್ರತೆ ಎಣ್ಣೆಯ ಸಾಂದ್ರತೆಗೆ ಸಮನಾಗುತ್ತದೆ. ಆಗ ಎಣ್ಣೆ ಮೇಲೇಳುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ. ಮಿಶ್ರಣದ ನಡುವೆ ನಿಶ್ಚಲವಾಗಿ ನಿಂತು ಪರಿಪೂರ್ಣ ಗೋಳವಾಗುತ್ತದೆ. ಎಣ್ಣೆಯ ಭಾರ ಇಲ್ಲವಾಗುವುದಿಲ್ಲ. ಸುತ್ತಲಿನ ದ್ರವದ ಒತ್ತಡ ಅದನ್ನು ನಿಖರವಾಗಿ ಸರಿದೂಗಿಸುತ್ತದೆ. ಗುರುತ್ವದ ಕ್ರಿಯೆಯಿಂದ ಮುಕ್ತವಾದ ದ್ರವರಾಶಿಯನ್ನು ಕುರಿತ ಅವರ ಮೊದಲ ದೀರ್ಘ ಪ್ರಬಂಧ ಬೆಲ್ಜಿಯಂನ ರಾಯಲ್ ಅಕಾಡೆಮಿಯಿಂದ 1843ರಲ್ಲಿ ಪ್ರಕಟವಾಯಿತು. ಅವರು ಪೂರ್ಣವಾಗಿ ದೃಷ್ಟಿ ಕಳೆದುಕೊಂಡ ವರ್ಷವೂ ಅದೇ.

ಎಣ್ಣೆಯ ಗೋಳದ ನಡುವೆ ತೆಳುವಾದ ಅಕ್ಷವೊಂದನ್ನು ನಿಲ್ಲಿಸಿ ತಿರುಗಿಸಿದಾಗ ಗೋಳ ಮೊದಲು ಮೇಲೆ ಕೆಳಗೆ ಚಪ್ಪಟೆಯಾಯಿತು. ವೇಗ ಹೆಚ್ಚಿದಂತೆ ಅದು ಬಳೆಯ ಆಕಾರ ತಾಳಿತು. ಆ ಬಳೆ ತುಂಡಾಗಿ ಸಣ್ಣ ಗೋಳಗಳಾದದ್ದೂ ಕಂಡುಬಂದಿತು. ಶನಿಗ್ರಹದ ಬಳೆಗಳನ್ನೂ ಸೌರಮಂಡಲದ ಉಗಮವನ್ನೂ ಕುರಿತು ಆಗ ನಡೆಯುತ್ತಿದ್ದ ಚರ್ಚೆಗಳಿಂದಾಗಿ ಈ ಪ್ರಯೋಗ ಬಹಳ ಜನರ ಗಮನ ಸೆಳೆಯಿತು. ಆದರೆ ಗ್ರಹಗಳನ್ನು ಹಿಡಿದಿಡುವುದು ಗುರುತ್ವಾಕರ್ಷಣೆ, ಎಣ್ಣೆಯ ಗೋಳವನ್ನು ಹಿಡಿದಿಡುವುದು ಮೇಲ್ಮೈ ಎಳೆತ. ಆದ್ದರಿಂದ ಈ ಹೋಲಿಕೆ ಕೇವಲ ಬಾಹ್ಯವಾದುದು.

ದ್ರವದ ಎಳೆ ಒಡೆಯುವ ನಿಯಮ

ಸಮಾನ ಅಳತೆಯ ಎರಡು ತಂತಿಯ ಬಳೆಗಳ ನಡುವೆ ಎಣ್ಣೆಯನ್ನು ಹಿಡಿದಿಟ್ಟು ಪ್ಲಾಟೋ ದ್ರವದ ಕಂಬಗಳನ್ನು ರಚಿಸಿದರು. ಬಳೆಗಳನ್ನು ನಿಧಾನವಾಗಿ ದೂರ ಸರಿಸುತ್ತ ಹೋದಾಗ ಒಂದು ಮಿತಿಯವರೆಗೆ ಕಂಬ ಸ್ಥಿರವಾಗಿರುತ್ತಿತ್ತು. ಮಿತಿ ದಾಟಿದೊಡನೆ ಅದರ ಒಂದು ಭಾಗ ಉಬ್ಬಿ, ಇನ್ನೊಂದು ಭಾಗ ಸೊರಗಿ, ಕೊನೆಗೆ ಕಂಬ ತುಂಡಾಗುತ್ತಿತ್ತು. ಕಂಬದ ಉದ್ದ ಅದರ ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚಾದಾಗ ಹೀಗಾಗುತ್ತದೆಂದು ಅವರು ಅಳೆದರು. ಸಿದ್ಧಾಂತದ ಪ್ರಕಾರ ಈ ಮಿತಿ ವ್ಯಾಸದ 3.1416 ಪಟ್ಟು, ಎಂದರೆ ಕಂಬದ ಸುತ್ತಳತೆಗೆ ಸರಿಸಮ. ತನ್ನ ಸುತ್ತಳತೆಗಿಂತ ಉದ್ದವಾದ ದ್ರವದ ಎಳೆ ಉಳಿಯಲಾರದು ಎಂಬುದು ಈ ನಿಯಮದ ಸಾರ.

ನಲ್ಲಿಯಿಂದ ಸಣ್ಣಗೆ ಬೀಳುವ ನೀರಿನ ಎಳೆ ಸ್ವಲ್ಪ ದೂರ ಸಾಗಿದ ಮೇಲೆ ಹನಿಗಳಾಗುವುದನ್ನು ಈ ನಿಯಮ ವಿವರಿಸುತ್ತದೆ. ಫ್ರಾನ್ಸಿನ ಫೆಲಿಕ್ಸ್ ಸವಾರ್ 1833ರಲ್ಲಿ ದ್ರವದ ಚಿಲುಮೆಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ಲಾಟೋ ಈ ಆಧಾರದ ಮೇಲೆ ಅರ್ಥೈಸಿದರು. ಎರಡು ದೊಡ್ಡ ಹನಿಗಳ ನಡುವೆ ಎಳೆಯ ಕೊನೆಯ ತುಣುಕು ಪುಟ್ಟ ಹನಿಯಾಗಿ ಉಳಿಯುವುದನ್ನೂ ಅವರು ದಾಖಲಿಸಿದರು. ಇಂಗ್ಲೆಂಡಿನ ಲಾರ್ಡ್ ರೇಲಿ 1879ರಲ್ಲಿ ಈ ವಿಷಯಕ್ಕೆ ಚಲನೆಯ ಗಣಿತವನ್ನು ಸೇರಿಸಿದರು. ಮಿತಿ ಮೀರಿದ ಎಲ್ಲ ಉಬ್ಬುಗಳೂ ಬೆಳೆಯಬಲ್ಲವಾದರೂ ಎಳೆಯ ವ್ಯಾಸದ ಸುಮಾರು 4.5 ಪಟ್ಟು ಅಂತರದಲ್ಲಿರುವ ಉಬ್ಬುಗಳು ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತವೆ ಎಂದು ಅವರು ತೋರಿಸಿದರು. ಹೀಗಾಗಿ ಎಳೆ ಸುಮಾರು ಸಮಾನ ತುಂಡುಗಳಾಗಿ ಒಡೆಯುತ್ತದೆ. ಹನಿಯ ವ್ಯಾಸ ಎಳೆಯ ವ್ಯಾಸದ ಸುಮಾರು 1.9 ಪಟ್ಟು ಇರುತ್ತದೆ. ಈ ವಿದ್ಯಮಾನವನ್ನು ಈಗ ಪ್ಲಾಟೋ–ರೇಲಿ ಅಸ್ಥಿರತೆ ಎಂದು ಕರೆಯುತ್ತಾರೆ. ಇಂಕ್‌ಜೆಟ್ ಮುದ್ರಣ ಯಂತ್ರಗಳಲ್ಲಿ ಶಾಯಿ ಹನಿಗಳಾಗುವುದು ಇದೇ ತತ್ತ್ವದಿಂದ.

ಸಾಬೂನಿನ ಪೊರೆಗಳು

ಎಣ್ಣೆಯ ಪ್ರಯೋಗಗಳ ನಂತರ ಪ್ಲಾಟೋ ಸಾಬೂನಿನ ಪೊರೆಗಳತ್ತ ತಿರುಗಿದರು. ಪೊರೆ ಅತ್ಯಂತ ತೆಳುವಾಗಿರುವುದರಿಂದ ಅದರ ಭಾರ ನಗಣ್ಯ; ಇದು ಗುರುತ್ವದಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ. ಸಾಬೂನಿನ ನೀರಿಗೆ ಗ್ಲಿಸರಿನ್ ಬೆರೆಸಿ ಅವರು ತಯಾರಿಸಿದ ದ್ರಾವಣದಿಂದ ಮೂಡಿದ ಪೊರೆಗಳು ಗಂಟೆಗಟ್ಟಲೆ ಒಡೆಯದೆ ನಿಲ್ಲುತ್ತಿದ್ದವು. ತಂತಿಯ ಚೌಕಟ್ಟುಗಳನ್ನು ಈ ದ್ರಾವಣದಲ್ಲಿ ಅದ್ದಿ ತೆಗೆದಾಗ ಒಳಗೆ ಪೊರೆಗಳು ಯಾವ ವಿನ್ಯಾಸದಲ್ಲಿ ಕೂಡುತ್ತವೆ ಎಂಬುದನ್ನು ಸಹಾಯಕರ ಮೂಲಕ ಗಮನಿಸಿ, ಅವರು ಈ ನಿಯಮಗಳನ್ನು ನಿರೂಪಿಸಿದರು:

ಒಂದನೆಯದು: ಪ್ರತಿಯೊಂದು ಪೊರೆಯೂ ನುಣುಪಾದ ಮೇಲ್ಮೈ ಆಗಿರುತ್ತದೆ, ಅದರ ಸರಾಸರಿ ವಕ್ರತೆ ಎಲ್ಲೆಡೆ ಒಂದೇ ಆಗಿರುತ್ತದೆ.
ಎರಡನೆಯದು: ಒಂದು ಅಂಚಿನಲ್ಲಿ ಮೂರೇ ಪೊರೆಗಳು ಸೇರುತ್ತವೆ; ಅವುಗಳ ನಡುವಿನ ಕೋನ 120 ಡಿಗ್ರಿ.
ಮೂರನೆಯದು: ಒಂದು ಬಿಂದುವಿನಲ್ಲಿ ಅಂಥ ನಾಲ್ಕೇ ಅಂಚುಗಳು ಸೇರುತ್ತವೆ, ಅವುಗಳ ನಡುವಿನ ಕೋನ ಸುಮಾರು 109.5 ಡಿಗ್ರಿ.

ಗುಳ್ಳೆಗಳ ಗಾತ್ರ ಏನೇ ಇರಲಿ, ಒಣಗಿದ ನೊರೆಗೆ ಈ ನಿಯಮಗಳು ಅನ್ವಯಿಸುತ್ತವೆ. ನೊರೆಯಲ್ಲಿ ಮೂರು ಪೊರೆಗಳು ಕೂಡುವೆಡೆ ದ್ರವ ತುಂಬಿಕೊಂಡಿರುವ ಸೂಕ್ಷ್ಮ ಕಾಲುವೆಯನ್ನು ಪ್ಲಾಟೋ ಅಂಚು ಎನ್ನುತ್ತಾರೆ. ನೊರೆಯಿಂದ ದ್ರವ ಬಸಿದುಹೋಗುವುದು ಈ ಕಾಲುವೆಗಳ ಮೂಲಕ. ಈ ನಿಯಮಗಳಿಗೆ ಪೂರ್ಣವಾದ ಗಣಿತೀಯ ಸಾಧನೆಯನ್ನು ಅಮೆರಿಕದ ಗಣಿತಜ್ಞೆ ಜೀನ್ ಟೇಲರ್ ಒದಗಿಸಿದ್ದು 1976ರಲ್ಲಿ, ಎಂದರೆ ಪ್ಲಾಟೋ ಅವರ ನಿಧನದ 93 ವರ್ಷಗಳ ನಂತರ.

ಕೊಟ್ಟಿರುವ ಒಂದು ಅಂಚಿಗೆ ತಗುಲಿಕೊಂಡಂತೆ ಕನಿಷ್ಠ ವಿಸ್ತೀರ್ಣದ ಮೇಲ್ಮೈ ಯಾವಾಗಲೂ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಲಗ್ರಾಂಜ್ 18ನೆಯ ಶತಮಾನದಲ್ಲೇ ಎತ್ತಿದ್ದರು. ಪ್ಲಾಟೋ ಅವರ ಪೊರೆಗಳು ಆ ಪ್ರಶ್ನೆಗೆ ಕಣ್ಣಿಗೆ ಕಾಣುವ ರೂಪ ಕೊಟ್ಟವು. ಪ್ಲಾಟೋ ಸಮಸ್ಯೆ ಎಂದು ಹೆಸರಾದ ಇದನ್ನು 1930ರ ಸುಮಾರಿನಲ್ಲಿ ಟಿಬೋರ್ ರಾಡೊ ಮತ್ತು ಜೆಸ್ಸಿ ಡಗ್ಲಾಸ್ ಬೇರೆ ಬೇರೆಯಾಗಿ ಬಿಡಿಸಿದರು. 1936ರಲ್ಲಿ ಮೊದಲ ಬಾರಿಗೆ ನೀಡಲಾದ ಫೀಲ್ಡ್ಸ್ ಪದಕ ಪಡೆದ ಇಬ್ಬರಲ್ಲಿ ಡಗ್ಲಾಸ್ ಒಬ್ಬರು.

ಗ್ರಂಥಗಳು

ಮೂರು ದಶಕಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ಪ್ಲಾಟೋ 1873ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಅಣುಬಲಗಳಿಗೆ ಮಾತ್ರ ಒಳಪಟ್ಟ ದ್ರವಗಳ ಸಮತೋಲವನ್ನು ಪ್ರಯೋಗ ಮತ್ತು ಸಿದ್ಧಾಂತಗಳ ದೃಷ್ಟಿಯಿಂದ ವಿವೇಚಿಸುವ ಈ ಫ್ರೆಂಚ್ ಗ್ರಂಥ ಆ ಕ್ಷೇತ್ರದ ಮೂಲಗ್ರಂಥಗಳಲ್ಲಿ ಒಂದು.

ದೃಷ್ಟಿಯ ವಿಷಯವನ್ನೂ ಅವರು ಕೈಬಿಡಲಿಲ್ಲ. ಬಿಳಿ ಮತ್ತು ಕಪ್ಪು ಬಣ್ಣಗಳಿಗೆ ಸರಿಯಾಗಿ ನಡುವೆ ಇರುವ ಬೂದುಬಣ್ಣವನ್ನು ಬರೆಯುವಂತೆ ಅವರು ಚಿತ್ರಕಾರರನ್ನು ಕೇಳಿಕೊಂಡಿದ್ದರು. ಬೇರೆ ಬೇರೆ ಬೆಳಕಿನಲ್ಲಿ ಕೆಲಸ ಮಾಡಿದರೂ ಎಲ್ಲರ ಬೂದುಬಣ್ಣಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು. ಇದರ ಆಧಾರದ ಮೇಲೆ 1872ರಲ್ಲಿ ಅವರು ಸಂವೇದನೆಯನ್ನು ಅಳೆಯುವ ನಿಯಮವೊಂದನ್ನು ಸೂಚಿಸಿದರು. ಕಣ್ಣಿನಲ್ಲೇ ಹುಟ್ಟುವ ದೃಶ್ಯಾನುಭವಗಳನ್ನು ಕುರಿತು ಪ್ರಾಚೀನ ಕಾಲದಿಂದ ಬಂದಿರುವ ಬರಹಗಳ ವಿವರವಾದ ಸೂಚಿಯನ್ನು 1870ರ ದಶಕದ ಕೊನೆಯಲ್ಲಿ ಪ್ರಕಟಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಳಕನ್ನು ಕಾಣದಿದ್ದವರು ಅದನ್ನು ಸಿದ್ಧಪಡಿಸಿದರೆಂಬುದು ಗಮನಾರ್ಹ.

ವೈಯಕ್ತಿಕ ಜೀವನ ಮತ್ತು ನಿಧನ

ಪ್ಲಾಟೋ 27 ಆಗಸ್ಟ್ 1840ರಂದು ಫ್ಯಾನಿ ಕ್ಲಾವರೋ ಅವರನ್ನು ವಿವಾಹವಾದರು. ಮರುವರ್ಷ ಜನಿಸಿದ ಮಗ ಫೆಲಿಕ್ಸ್ ಪ್ಲಾಟೋ ಮುಂದೆ ಹೆಸರಾಂತ ಪ್ರಾಣಿವಿಜ್ಞಾನಿಯಾದರು. ಮಗಳು ಆಲಿಸ್ 1871ರಲ್ಲಿ ಗುಸ್ತಾವ್ ವಾನ್ ಡೆರ್ ಮೆನ್ಸ್‌ಬ್ರುಗೆ ಅವರನ್ನು ಮದುವೆಯಾದರು. ಅಳಿಯನಾದ ಈ ಶಿಷ್ಯ ಪ್ಲಾಟೋ ಅವರ ಮೊದಲ ಜೀವನಚರಿತ್ರೆಯನ್ನು ಬರೆದರು. ಪ್ಲಾಟೋ ಬೆಲ್ಜಿಯಂನ ರಾಯಲ್ ಅಕಾಡೆಮಿಯ ಸದಸ್ಯರೂ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶಿ ಸದಸ್ಯರೂ ಆಗಿದ್ದರು. 15 ಸೆಪ್ಟೆಂಬರ್ 1883ರಂದು ಗೆಂಟ್ ನಗರದಲ್ಲಿ, 81ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ತೂಕರಹಿತ ಸ್ಥಿತಿಯಲ್ಲಿ ಸಮಗಾತ್ರದ ಗುಳ್ಳೆಗಳು

ಪ್ಲಾಟೋ ಅವರ ಉಪಾಯಕ್ಕೆ ಒಂದು ಮಿತಿಯಿತ್ತು. ಎರಡು ದ್ರವಗಳ ಸಾಂದ್ರತೆಯನ್ನು ಸಮಗೊಳಿಸಬಹುದು. ಆದರೆ ಸಾಧಾರಣ ಒತ್ತಡದಲ್ಲಿ ಅನಿಲದ ಸಾಂದ್ರತೆಯನ್ನು ದ್ರವದ ಸಾಂದ್ರತೆಗೆ ಸಮ ಮಾಡಲು ಬರುವುದಿಲ್ಲ. ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ದ್ರವದೊಳಗಿನ ಅನಿಲ ಗುಳ್ಳೆಯನ್ನು ಗುರುತ್ವದ ಪರಿಣಾಮವಿಲ್ಲದೆ ಪರೀಕ್ಷಿಸಬೇಕಾದರೆ ನಿಜವಾದ ತೂಕರಹಿತ ಸ್ಥಿತಿಯೇ ಬೇಕು. ಎತ್ತರದ ಗೋಪುರದಿಂದ ಉಪಕರಣವನ್ನು ಬೀಳಿಸುವುದು, ವಿಮಾನವನ್ನು ಕಮಾನಿನ ಪಥದಲ್ಲಿ ಹಾರಿಸುವುದು, ಬಾಹ್ಯಾಕಾಶ ನಿಲ್ದಾಣ ಇವು ಅದಕ್ಕಿರುವ ಮಾರ್ಗಗಳು. ಜರ್ಮನಿಯ ಬ್ರೆಮೆನ್ ನಗರದ 146 ಮೀಟರ್ ಎತ್ತರದ ಗೋಪುರದಲ್ಲಿ ಒಮ್ಮೆ ಬೀಳಿಸಿದರೆ ಸುಮಾರು 4.7 ಸೆಕೆಂಡುಗಳ ತೂಕರಹಿತ ಅವಧಿ ಸಿಗುತ್ತದೆ. ವಿಮಾನದಲ್ಲಿ ಪ್ರತಿ ಸುತ್ತಿಗೆ 20 ಸೆಕೆಂಡುಗಳಿಗೂ ತುಸು ಹೆಚ್ಚು ಅವಧಿ ದೊರೆಯುತ್ತದೆ.

ಭೂಮಿಯ ಮೇಲೆ ಸೂಜಿಯಂಥ ಕೊಳವೆಯ ಮೂಲಕ ನೀರಿಗೆ ನಿಧಾನವಾಗಿ ಗಾಳಿ ಊದಿದಾಗ, ಮೇಲ್ಮೈ ಎಳೆತ ಗುಳ್ಳೆಯನ್ನು ಕೊಳವೆಯ ಬಾಯಿಗೆ ಹಿಡಿದಿಡುತ್ತದೆ, ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಗುಳ್ಳೆ ಬೆಳೆದು ನೂಕುಬಲ ಹೆಚ್ಚಾದ ಕ್ಷಣ ಕಳಚಿಕೊಳ್ಳುತ್ತದೆ. 1 ಮಿಲಿಮೀಟರ್ ವ್ಯಾಸದ ಬಾಯಿಯಿಂದ ಹೊರಡುವ ಗುಳ್ಳೆಯ ವ್ಯಾಸ ಈ ಲೆಕ್ಕದಂತೆ ಸುಮಾರು 3.5 ಮಿಲಿಮೀಟರ್. ಗುರುತ್ವ ಸಾವಿರದಲ್ಲಿ ಒಂದು ಪಾಲಿಗೆ ಇಳಿದರೆ ಅದೇ ಗುಳ್ಳೆ ಹತ್ತು ಪಟ್ಟು, ಎಂದರೆ 3.5 ಸೆಂಟಿಮೀಟರ್ ವ್ಯಾಸಕ್ಕೆ ಬೆಳೆದ ಮೇಲಷ್ಟೇ ಬಿಡುಗಡೆಯಾಗುತ್ತದೆ. ಗುರುತ್ವ ಸಂಪೂರ್ಣ ಇಲ್ಲವಾದರೆ ಕಳಚಿಸುವ ಬಲವೇ ಇರುವುದಿಲ್ಲ. ಗುಳ್ಳೆ ಬಾಯಿಗೆ ಅಂಟಿಕೊಂಡೇ ಬೆಳೆಯುತ್ತದೆ, ಅಕ್ಕಪಕ್ಕದ ಗುಳ್ಳೆಗಳೊಂದಿಗೆ ಕೂಡಿಕೊಳ್ಳುತ್ತದೆ. ಸಣ್ಣ, ಸಮಗಾತ್ರದ ಗುಳ್ಳೆಗಳನ್ನು ಪಡೆಯುವುದು ಆಗ ಸುಲಭವಲ್ಲ.

ಆದ್ದರಿಂದ ಕಳಚಿಸುವ ಕೆಲಸವನ್ನು ಗುರುತ್ವದ ಬದಲು ದ್ರವದ ಹರಿವಿಗೆ ವಹಿಸಲಾಗುತ್ತದೆ. ಒಂದು ವಿಧಾನದಲ್ಲಿ ದ್ರವವನ್ನು ಅನಿಲದ ಕೊಳವೆಗೆ ಅಡ್ಡವಾಗಿ ಹರಿಸಿ, ಗುಳ್ಳೆಯನ್ನು ಎಳೆದು ಬಿಡಿಸುತ್ತಾರೆ. ಇನ್ನೊಂದರಲ್ಲಿ ಅನಿಲ ಮತ್ತು ದ್ರವ ಒಂದೇ ದಿಕ್ಕಿನಲ್ಲಿ, ಒಂದರ ಸುತ್ತ ಇನ್ನೊಂದು ಹರಿಯುತ್ತವೆ. ಕೂದಲೆಳೆಯಷ್ಟು ಸಣ್ಣ ಕೊಳವೆಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕೂಡುವೆಡೆ ಅನಿಲವನ್ನು ದ್ರವ ತುಂಡುತುಂಡಾಗಿ ಕತ್ತರಿಸುವ ಏರ್ಪಾಡೂ ಉಂಟು. ಇಂಥ ಕೊಳವೆಗಳಲ್ಲಿ ಗುರುತ್ವಕ್ಕಿಂತ ಮೇಲ್ಮೈ ಎಳೆತವೇ ಪ್ರಬಲವಾದುದರಿಂದ ಭೂಮಿಯ ಮೇಲೂ ಬಾಹ್ಯಾಕಾಶದಲ್ಲೂ ಗುಳ್ಳೆಗಳ ಗಾತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಹರಿವಿನ ವೇಗಗಳನ್ನು ಸ್ಥಿರವಾಗಿಟ್ಟರೆ ಗುಳ್ಳೆಗಳೂ ಸಮಾನ ಅಂತರದಲ್ಲಿ, ಸಮಾನ ಗಾತ್ರದಲ್ಲಿ ಸಾಲಾಗಿ ಹೊರಡುತ್ತವೆ.

ದ್ರವದೊಳಗೆ ಅನಿಲದ ಉದ್ದನೆಯ ಎಳೆ ಉಂಟಾದಾಗ ಪ್ಲಾಟೋ ನಿಯಮ ನೇರವಾಗಿ ಅನ್ವಯಿಸುತ್ತದೆ. ಎಳೆಯ ಒಳಗಿರುವುದು ದ್ರವವಾಗಲಿ ಅನಿಲವಾಗಲಿ, ಸುತ್ತಳತೆ ಮೀರಿದ ಉದ್ದ ಅಸ್ಥಿರವೇ. ಏಕೆಂದರೆ ಆ ಮಿತಿಯನ್ನು ನಿರ್ಧರಿಸುವುದು ಮೇಲ್ಮೈಯ ಜ್ಯಾಮಿತಿ ಮಾತ್ರ. ಒಡೆಯುವ ಅಂತರ ಮಾತ್ರ ಬದಲಾಗುತ್ತದೆ. ನೀರಿನಂಥ ತೆಳು ದ್ರವದಲ್ಲಿನ ಅನಿಲದ ಎಳೆಗೆ ಅದು ವ್ಯಾಸದ ಸುಮಾರು 6.5 ಪಟ್ಟು, ಉಂಟಾಗುವ ಗುಳ್ಳೆಯ ವ್ಯಾಸ ಎಳೆಯ ವ್ಯಾಸದ ಎರಡು ಪಟ್ಟಿಗಿಂತ ತುಸು ಹೆಚ್ಚು.

ಬಾಹ್ಯಾಕಾಶ ನೌಕೆಯಲ್ಲಿ ಗುಳ್ಳೆಗಳ ಹತೋಟಿ ಪ್ರಾಣರಕ್ಷಣೆಗೆ ಸಂಬಂಧಿಸಿದ ವಿಷಯ. ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ನೀರಿನ ವಿದ್ಯುದ್ವಿಭಜನೆಯಿಂದ ಪಡೆಯುವಾಗ ಗುಳ್ಳೆಗಳು ತಾವಾಗಿ ಮೇಲೇಳದೆ ವಿದ್ಯುದ್ವಾರವನ್ನೇ ಮುಚ್ಚಬಲ್ಲವು. ಇಂಧನದೊಂದಿಗೆ ಅನಿಲ ಸೇರಿಕೊಂಡರೆ ಎಂಜಿನ್ನಿಗೆ ಅಪಾಯ. ಜೀವಕೋಶಗಳನ್ನು ಬೆಳೆಸುವ ಪಾತ್ರೆಗಳಿಗೂ ಸಸಿಗಳ ಬೇರಿಗೂ ಅನಿಲವನ್ನು ಹದವಾಗಿ ಒದಗಿಸಬೇಕಾಗುತ್ತದೆ. ಸಮಗಾತ್ರದ ಗುಳ್ಳೆಗಳಾದರೆ ಎಷ್ಟು ಅನಿಲ ಎಷ್ಟು ಮೇಲ್ಮೈಯ ಮೂಲಕ ಕರಗುತ್ತದೆಂಬುದನ್ನು ಲೆಕ್ಕಹಾಕಬಹುದು.

ಸಮಗಾತ್ರದ ಗುಳ್ಳೆಗಳು ಗಣಿತಕ್ಕೂ ಒಂದು ಪ್ರಶ್ನೆಯನ್ನು ಒಡ್ಡಿವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ನೊರೆಯಲ್ಲಿ ಹಿರಿಕಿರಿಯ ಗುಳ್ಳೆಗಳು ಬೆರೆತಿರುತ್ತವೆ. ಎಲ್ಲ ಗುಳ್ಳೆಗಳ ಗಾತ್ರವೂ ಒಂದೇ ಆಗಿದ್ದರೆ ಅತಿ ಕಡಿಮೆ ಪೊರೆಯಿಂದ ಅವಕಾಶವನ್ನು ತುಂಬುವ ವಿನ್ಯಾಸ ಯಾವುದು? ಪ್ಲಾಟೋ ನಿಯಮಗಳ ಆಧಾರದ ಮೇಲೆ ಲಾರ್ಡ್ ಕೆಲ್ವಿನ್ 1887ರಲ್ಲಿ 14 ಮುಖಗಳ ಆಕಾರವನ್ನು ಸೂಚಿಸಿದರು. 1993ರಲ್ಲಿ ಡಬ್ಲಿನ್ನಿನ ಡೆನಿಸ್ ವೀಯರ್ ಮತ್ತು ರಾಬರ್ಟ್ ಫೆಲನ್ ಅದಕ್ಕಿಂತ ಸುಮಾರು 0.3 ಶೇಕಡಾ ಕಡಿಮೆ ಪೊರೆ ಬೇಡುವ ವಿನ್ಯಾಸವನ್ನು ಕಂಡುಹಿಡಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಈಜು ಕ್ರೀಡಾಂಗಣದ ಗೋಡೆಗಳಿಗೆ ಈ ವಿನ್ಯಾಸವೇ ಆಧಾರ.

ಭೂಮಿಯ ಮೇಲೆ ನೊರೆಯ ದ್ರವ ಕೆಳಕ್ಕೆ ಬಸಿದು ಪೊರೆಗಳು ಬೇಗ ಒಡೆಯುತ್ತವೆ. ತೂಕರಹಿತ ಸ್ಥಿತಿಯಲ್ಲಿ ಹಾಗಾಗುವುದಿಲ್ಲ. ಇದನ್ನು ಪರೀಕ್ಷಿಸುವ ಪ್ರಯೋಗವನ್ನು 2009ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೆರವೇರಿಸಿದವರು ಬೆಲ್ಜಿಯಂನ ಗಗನಯಾತ್ರಿ ಫ್ರಾಂಕ್ ಡಿ ವಿನ್ನೆ. ಅವರು ಪ್ಲಾಟೋ ಅವರ ಕರ್ಮಭೂಮಿಯಾದ ಗೆಂಟ್ ನಗರದಲ್ಲಿ ಹುಟ್ಟಿದವರು.

ಭಾರತದಲ್ಲಿ ತೂಕರಹಿತ ಸ್ಥಿತಿಯ ಪ್ರಯೋಗಗಳಿಗೆ ಇಸ್ರೋ 10 ಜನವರಿ 2007ರಂದು ಹಾರಿಸಿ, 22ರಂದು ಬಂಗಾಳ ಕೊಲ್ಲಿಯಲ್ಲಿ ಮರಳಿ ಪಡೆದ ಎಸ್‌ಆರ್‌ಇ–1 ಕೋಶ ಒಂದು ಮೈಲಿಗಲ್ಲು. ಅದರಲ್ಲಿದ್ದ ಎರಡು ಪ್ರಯೋಗಗಳಲ್ಲಿ ಲೋಹಗಳನ್ನು ಕುರಿತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಭಾಗಿತ್ವದ್ದು. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳನ್ನು ಮೊಳೆಯಿಸಿದರು. ಆ ಪ್ರಯೋಗವನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ಅದೇ ಯಾತ್ರೆಯಲ್ಲಿ ಶುಕ್ಲಾ ಗಾಳಿಯಲ್ಲಿ ತೇಲುವ ನೀರಿನ ದೊಡ್ಡ ಗೋಳವೊಂದನ್ನು ರಚಿಸಿ ತೋರಿಸಿದರು. ಗೆಂಟ್ ನಗರದ ಗಾಜಿನ ಪೆಟ್ಟಿಗೆಯೊಳಗೆ ಎಣ್ಣೆ ತಾಳಿದ್ದ ಆಕಾರವೂ ಅದೇ.

ಸ್ಮರಣೆ

ಗೆಂಟ್ ವಿಶ್ವವಿದ್ಯಾಲಯದ ಕಟ್ಟಡಗಳಿರುವ ಬೀದಿಯೊಂದಕ್ಕೆ ಪ್ಲಾಟೋ ಅವರ ಹೆಸರಿದೆ. ಬೆಲ್ಜಿಯಂನ ಚಲನಚಿತ್ರಗಳಿಗೆ ಅವರ ಹೆಸರಿನ ಪ್ರಶಸ್ತಿಯನ್ನು ಹಲವು ವರ್ಷ ನೀಡಲಾಗುತ್ತಿತ್ತು. 14 ಅಕ್ಟೋಬರ್ 2019ರಂದು ಅವರ 218ನೆಯ ಜನ್ಮದಿನದ ಸ್ಮರಣಾರ್ಥ ಗೂಗಲ್ ತನ್ನ ಮುಖಪುಟದಲ್ಲಿ ಫೆನಕಿಸ್ಟಿಸ್ಕೋಪಿನ ಮಾದರಿಯ ಚಲಿಸುವ ಚಿತ್ರವನ್ನು ಪ್ರಕಟಿಸಿತು. ಸಮಾನ ಸಾಂದ್ರತೆಯ ದ್ರವಗಳಿಂದ ತೂಕರಹಿತ ಸ್ಥಿತಿಯನ್ನು ಅನುಕರಿಸುವ ಉಪಕರಣವನ್ನು ಪ್ರಯೋಗಾಲಯಗಳಲ್ಲಿ ಇಂದಿಗೂ ಪ್ಲಾಟೋ ತೊಟ್ಟಿ ಎಂದೇ ಕರೆಯುತ್ತಾರೆ.